ಕುತ್ತಿಗೆಯಲ್ಲಿ ನಕ್ಷತ್ರ, ತೋಟದಲ್ಲಿ ಚೌಡಿ

ಹೋದ ವರ್ಷ ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿ ಒಂದು ಗೃಹಪ್ರವೇಶ. ಊಟ ಮುಗಿದಿತ್ತು. ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತುತ್ತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ರಜೆ ಹಾಕಿ ಬಂದಿದ್ದಳು. ಅವಳ ಕುತ್ತಿಗೆಯಲ್ಲಿ ಸಣ್ಣ ಬೆಳ್ಳಿ ಪದಕ. ಒಂದು ವೃತ್ತ, ಅದರೊಳಗೆ ಐದು ಮೂಲೆಯ ನಕ್ಷತ್ರ. 'ಚೆನ್ನಾಗಿದೆಯಲ್ಲೇ, ಏನಿದು?' ಅಂತ ಅವಳ ದೊಡ್ಡಮ್ಮ ಕೇಳಿದರು. 'ವಿಕ್ಕಾ ಅಂತ ಒಂದು ಧರ್ಮ ಇದೆ ದೊಡ್ಡಮ್ಮ, ಅದರ ಗುರುತು' ಅಂದಳು. ಪಕ್ಕದಲ್ಲಿ ಕೂತಿದ್ದ ಹುಡುಗ ಫೋನ್ ತೆಗೆದು ಹುಡುಕಿದ. 'ಮಾಟಗಾತಿಯರ ಧರ್ಮ ಅಂತೆ' ಎಂದು ಜಗಲಿಗೆಲ್ಲ ಕೇಳುವ ಹಾಗೆ ಓದಿ ಹೇಳಿದ. ಮಾತು ಅಲ್ಲಿಗೆ ನಿಂತಿತು. ಸಂಜೆಯಾಗುವಷ್ಟರಲ್ಲಿ ಅವಳು ಮಾಟ ಕಲಿಯುತ್ತಿದ್ದಾಳೆ, ಅಮಾವಾಸ್ಯೆ ರಾತ್ರಿ ಸ್ಮಶಾನಕ್ಕೆ ಹೋಗುತ್ತಾಳೆ ಎನ್ನುವವರೆಗೆ ಸುದ್ದಿ ಬೆಳೆದಿತ್ತು.

ಅದೇ ಮನೆಯ ಹೊಸ ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಿತ್ತು. ಗೇಟಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ ಎನ್ನುವ ಬೋರ್ಡು. ಅಡಿಕೆ ಕದಿಯುವವರು ಪೊಲೀಸರಿಗಿಂತ ಆ ಬೋರ್ಡಿಗೆ ಜಾಸ್ತಿ ಹೆದರುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ಹೇಳುವುದೇ. ತೋಟದಾಚೆ ನಾಲ್ಕು ಮರಗಳ ಕೆಳಗೆ ಚೌಡಿ ಬನ. ಗೇಲಿ ಮಾಡೋಕೆ ಇದನ್ನೆಲ್ಲ ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಇವೆಲ್ಲ ಇವೆ. ವರ್ಷಕ್ಕೊಮ್ಮೆ ಬನಕ್ಕೆ ಹೋಗಿ ಕಾಯಿ ಒಡೆಯುವವನು ನಾನೇ. ಆದರೆ ಚೌಡಿಗೆ ಕೈ ಮುಗಿಯುವ ಜಗಲಿಯಲ್ಲಿ ಒಂದು ನಕ್ಷತ್ರದ ಪದಕ ಅಷ್ಟು ಹೆದರಿಕೆ ಹುಟ್ಟಿಸಿದ್ದು ಹೇಗೆ ಎನ್ನುವುದು ಅವತ್ತಿನಿಂದ ತಲೆ ಕೊರೆಯುತ್ತಿದೆ.

ನನಗೆ ಅನ್ನಿಸಿದ್ದು ಇಷ್ಟು. ಸಣ್ಣ ಧರ್ಮಗಳ ಬಗ್ಗೆ ಹಬ್ಬುವ ಕತೆಗಳನ್ನು ಯಾರೂ ಆ ಧರ್ಮವನ್ನು ನೋಡಿ ಕಟ್ಟಿರುವುದಿಲ್ಲ. ಅವು ಮೊದಲೇ ಹೊಲಿದಿಟ್ಟ ಅಂಗಿಗಳು. ಕೈಗೆ ಸಿಕ್ಕವರಿಗೆ ತೊಡಿಸುತ್ತೇವೆ. ರೋಮಿನಲ್ಲಿ ಒಬ್ಬರಿಗೆ ತೊಡಿಸಿದರು, ನಮ್ಮದೇ ಬಳ್ಳಿಗಾವಿಯವರಿಗೂ ತೊಡಿಸಿದರು. ಅಂಗಿ ಮಾತ್ರ ಬದಲಾಗಿಲ್ಲ.

ಲಿಂಗನಮಕ್ಕಿಗಿಂತ ಹತ್ತು ವರ್ಷ ಹಿರಿದು

ಮೊದಲು ವಿಕ್ಕಾ ವಿಷಯ ನೋಡೋಣ. ಇದು ಸಾವಿರಾರು ವರ್ಷದ ಗುಪ್ತ ಪಂಥ ಎಂದು ಹಲವರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ನಮ್ಮ ಲಿಂಗನಮಕ್ಕಿ ಅಣೆಕಟ್ಟಿಗಿಂತ ಇದು ಹತ್ತು ವರ್ಷ ದೊಡ್ಡದು, ಅಷ್ಟೇ. ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವನು 1884ರಲ್ಲಿ ಹುಟ್ಟಿದ. ಸಿಲೋನ್, ಬೋರ್ನಿಯೊ, ಮಲಯಾಗಳಲ್ಲಿ ತೋಟದ ಕೆಲಸ, ಕಸ್ಟಮ್ಸ್ ಕೆಲಸ ಮಾಡಿ 1936ರಲ್ಲಿ ನಿವೃತ್ತನಾಗಿ ಊರಿಗೆ ಮರಳಿದ. 1939ರಲ್ಲಿ ನ್ಯೂ ಫಾರೆಸ್ಟ್ ಸೀಮೆಯ ಹಳೆಯ ಗುಂಪೊಂದು ತನಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡ.

ಆಗ ಬ್ರಿಟನ್ನಿನಲ್ಲಿ 1735ರ ಮಾಟದ ಕಾಯ್ದೆ ಇನ್ನೂ ಜಾರಿಯಲ್ಲಿತ್ತು. ಆ ಕಾಯ್ದೆಯ ತಮಾಷೆ ನೋಡಿ. ಅದು ಮಾಟ ಮಾಡಿದವರಿಗೆ ಶಿಕ್ಷೆ ಕೊಡುತ್ತಿರಲಿಲ್ಲ. ಮಾಟ ಎನ್ನುವುದೇ ಇಲ್ಲ ಎಂಬುದು ಅದರ ನಿಲುವು. ತನಗೆ ಮಾಟ ಬರುತ್ತದೆ ಎಂದು ಹೇಳಿಕೊಂಡು ತಿರುಗುವವರನ್ನು ಮೋಸಗಾರರೆಂದು ಹಿಡಿಯುತ್ತಿತ್ತು. 1951ರಲ್ಲಿ ಕಾಯ್ದೆ ರದ್ದಾಯಿತು. 1954ರಲ್ಲಿ ಗಾರ್ಡ್ನರ್ ತನ್ನ ಪಂಥದ ಬಗ್ಗೆ ಪುಸ್ತಕ ಬರೆದ. ಡೋರೀನ್ ವಾಲಿಯೆಂಟ್ ಎಂಬ ಮಹಿಳೆ ಅವನ ಪೂಜಾಪಾಠಗಳನ್ನು ತಿದ್ದಿ, ಹೊಸದಾಗಿ ಬರೆದು, ಓದುವ ಹಾಗೆ ಮಾಡಿದಳು. ಗಾರ್ಡ್ನರ್ ತೀರಿಕೊಂಡಿದ್ದು ಲಿಂಗನಮಕ್ಕಿ ಕಟ್ಟಿ ಮುಗಿದ 1964ರಲ್ಲೇ.

ಇವರಲ್ಲಿ ಹೆಚ್ಚಿನವರಿಗೆ ದೇವರು ಎಂದರೆ ಒಬ್ಬಳು ದೇವಿ, ಒಬ್ಬ ಕೊಂಬಿನ ದೇವ. ವರ್ಷಕ್ಕೆ ಎಂಟು ಹಬ್ಬ. ಚಳಿಗಾಲದ ಅತಿ ದೊಡ್ಡ ರಾತ್ರಿಗೆ ಯೂಲ್. ಅಕ್ಟೋಬರ್ ಕೊನೆಗೆ ಸತ್ತವರನ್ನು ನೆನೆಯುವ ಸೌಯಿನ್. ಬೆಳೆ ಕೊಯ್ಲಿಗೆ ಒಂದು, ಚಿಗುರಿಗೆ ಒಂದು. ಹುಣ್ಣಿಮೆಗೆ ಸೇರುತ್ತಾರೆ. ಎಲ್ಲರೂ ಒಪ್ಪುವ ಒಂದೇ ಗ್ರಂಥವಿಲ್ಲ, ಎಲ್ಲರ ಮೇಲೆ ಕೂತ ಒಬ್ಬ ಗುರು ಇಲ್ಲ. ಮನೆ ಮನೆಗೆ ಹೋಗಿ ಬನ್ನಿ ಎಂದು ಕರೆಯುವ ರೂಢಿಯೂ ಇಲ್ಲ. ಹೆಚ್ಚಿನವರು ಒಪ್ಪುವ ನೀತಿ ಒಂದೇ ಸಾಲಿನದು: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದ್ದು ಮಾಡು. ಕೇಡು ಮಾಡಿದರೆ ಮೂರು ಪಟ್ಟಾಗಿ ತಿರುಗಿ ಬರುತ್ತದೆ ಎಂದು ಹಲವರು ನಂಬುತ್ತಾರೆ.

ಹಾಗಾದರೆ ಮಾಟ ಇಲ್ಲವೇ? ಇಲ್ಲ ಎಂದರೆ ಸುಳ್ಳು ಹೇಳಿದಂತೆ. ಬಣ್ಣದ ಮೇಣದಬತ್ತಿ ಹಚ್ಚುತ್ತಾರೆ, ಗಿಡಮೂಲಿಕೆ ಇಡುತ್ತಾರೆ, ಮನಸ್ಸಿನಲ್ಲಿ ಒಂದು ಬಯಕೆ ಇಟ್ಟುಕೊಂಡು ಮಂತ್ರ ಹೇಳುತ್ತಾರೆ. ಅದಕ್ಕೆ ಮ್ಯಾಜಿಕ್ ಎಂದೇ ಹೆಸರು. ಆದರೆ ನಾವು ಮಾಟ ಅಂದಾಗ ಕಣ್ಣ ಮುಂದೆ ಬರುವ ಗೊಂಬೆ, ಸೂಜಿ, ಹೂತಿಟ್ಟ ತಾಮ್ರದ ತಗಡು ಅದರಲ್ಲಿಲ್ಲ. ನಮ್ಮಲ್ಲಿ ಹರಕೆ ಹೊತ್ತು ಮುಡಿಪು ಕಟ್ಟಿಡುತ್ತೇವಲ್ಲ, ಸ್ವಭಾವದಲ್ಲಿ ಅದಕ್ಕೆ ಹತ್ತಿರ. ಅದರಿಂದ ಕೆಲಸ ಆಗುತ್ತದಾ ಎಂದು ಕೇಳಿದರೆ, ನನಗಂತೂ ನಂಬಿಕೆ ಇಲ್ಲ. ಮುಡಿಪಿನ ಬಗ್ಗೆಯೂ ಇಲ್ಲ. ಆದರೂ ಕಟ್ಟುತ್ತೇನೆ, ಅದು ಬೇರೆ ಮಾತು.

ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಸೈತಾನನದು. ಸೈತಾನ ಕ್ರೈಸ್ತ ಧರ್ಮದ ಪಾತ್ರ. ವಿಕ್ಕಾದವರ ಲೋಕದಲ್ಲಿ ಅವನಿಗೆ ಜಾಗವೇ ಇಲ್ಲ. ಇಲ್ಲದವನನ್ನು ಪೂಜಿಸೋದು ಹೇಗೆ? ಸೈತಾನನ ಹೆಸರನ್ನೇ ಇಟ್ಟುಕೊಂಡ ಒಂದು ಸಂಸ್ಥೆ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯಿತು. ಆಂಟನ್ ಲವೇ ಎಂಬಾತ ಅದರ ಸ್ಥಾಪಕ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಂಬಿನ ದೇವರ ಚಿತ್ರ ನೋಡಿದ ಯುರೋಪಿನವರಿಗೆ ಸೈತಾನ ನೆನಪಾದ. ಕೊಂಬಿದ್ದವರೆಲ್ಲ ಸೈತಾನರಾದರೆ ಪ್ರತಿ ಶಿವನ ಗುಡಿ ಮುಂದೆ ಕೂತ ನಮ್ಮ ಬಸವಣ್ಣನ ಗತಿ ಏನಾಗಬೇಕು?

ನಕ್ಷತ್ರದ ಐದು ಮೂಲೆಗಳೂ ಅಷ್ಟೇ. ಮಣ್ಣು, ನೀರು, ಬೆಂಕಿ, ಗಾಳಿ, ಐದನೆಯದು ಚೇತನ. ಇನ್ನು ಬೆತ್ತಲೆ ಪೂಜೆ ಎಂಬ ಆರೋಪ. ಗಾರ್ಡ್ನರ್ ಕಾಲದ ಗುಂಪುಗಳಲ್ಲಿ ಬಟ್ಟೆಯಿಲ್ಲದೆ ಪೂಜೆ ಮಾಡುವ ರೂಢಿ ಇತ್ತು, ಕೆಲವು ಗುಂಪುಗಳಲ್ಲಿ ಈಗಲೂ ಇದೆ, ಬಹಳ ಜನ ನಿಲುವಂಗಿ ಹಾಕುತ್ತಾರೆ. ಅದಕ್ಕೆ ಅವರು ಕೊಟ್ಟ ಹೆಸರು ಸ್ಕೈಕ್ಲ್ಯಾಡ್. ಆಕಾಶವನ್ನೇ ಉಟ್ಟವರು ಎಂದರ್ಥ. ಈ ಪದವನ್ನು ಕನ್ನಡಕ್ಕೆ ತರಲು ಶಿವಮೊಗ್ಗ ಜಿಲ್ಲೆಯವರು ಕಷ್ಟಪಡಬೇಕಿಲ್ಲ. ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋಗಿ ಬಂದವರೆಲ್ಲರಿಗೂ ಗೊತ್ತು. ದಿಗಂಬರ. ಪದ ಒಂದೇ, ಹಿಂದಿನ ಕಾರಣ ಪೂರಾ ಬೇರೆ. ಜೈನ ಮುನಿಗೆ ಅದು ಎಲ್ಲವನ್ನೂ ಬಿಟ್ಟಿದ್ದರ ಗುರುತು. ಹುಂಚದಲ್ಲಿ ಪದ್ಮಾವತಿ ಅಮ್ಮನಿಗೆ ಹರಕೆ ಹೊರುವ ಜೈನರಲ್ಲದವರು ಎಷ್ಟೋ ಜನ. ಅವರ್ಯಾರೂ ಮುನಿಗಳನ್ನು ನೋಡಿ ಬೆಚ್ಚುವುದಿಲ್ಲ. ಪರಿಚಯ ಇದೆಯಲ್ಲ, ಅದಕ್ಕೆ.

ಆ ಪದ ಯಾರದು?

ಜಗಲಿಯ ಹುಡುಗ ಸುಳ್ಳು ಹೇಳಲಿಲ್ಲ. ವಿಕ್ಕಾ ಎನ್ನುವುದು ಹಳೆಯ ಇಂಗ್ಲಿಷಿನಲ್ಲಿ ಮಾಟಗಾರನಿಗೆ ಇದ್ದ ಪದವೇ. ಇಂದಿನ ಇಂಗ್ಲಿಷಿನ ವಿಚ್ ಬಂದಿದ್ದೂ ಅದೇ ಬೇರಿನಿಂದ. ಎಡವಟ್ಟಾಗೋದು ಕನ್ನಡಕ್ಕೆ ಬಂದಾಗ. ಪಶ್ಚಿಮದಲ್ಲಿ ಕೆಲವು ಹೆಂಗಸರು ಬೈಗುಳವಾಗಿದ್ದ ಆ ಪದವನ್ನು ಬೇಕೆಂದೇ ಎತ್ತಿಕೊಂಡು ಹೌದು, ನಾನೇ ಎಂದು ಹೇಳಿಕೊಂಡರು. ಕನ್ನಡದಲ್ಲಿ ಮಾಟಗಾತಿ ಎಂದು ತನ್ನನ್ನು ತಾನೇ ಕರೆದುಕೊಂಡವರನ್ನು ನಾನು ಕಂಡಿಲ್ಲ. ಅದು ಯಾವಾಗಲೂ ಇನ್ನೊಬ್ಬರು ಅಂಟಿಸುವ ಹೆಸರು. ಅದು ಪದಕ್ಕಿಂತ ಒಂದು ಆರೋಪ. ಹಾಗಾಗಿ ಅನುವಾದ ಮಾಡಿದ ಕೂಡಲೇ ಆ ಹುಡುಗಿ ಆರೋಪಿಯಾಗಿಬಿಟ್ಟಳು.

ನಮ್ಮ ದೇಶದಲ್ಲಿ ಆ ಆರೋಪ ಕೊಲ್ಲುತ್ತದೆ. 2015ರ ಆಗಸ್ಟ್‌ನಲ್ಲಿ ರಾಂಚಿ ಹತ್ತಿರದ ಕಂಜಿಯಾ ಎಂಬ ಹಳ್ಳಿಯಲ್ಲಿ ಒಂದೇ ರಾತ್ರಿ ಐವರು ಹೆಂಗಸರನ್ನು ಮಾಟಗಾತಿಯರೆಂದು ಮನೆಯಿಂದ ಎಳೆದು ಕೊಂದರು. ಜಾರ್ಖಂಡಿನ ಛುಟ್ನಿ ಮಹತೋ ಅಂಥದ್ದೇ ಹಿಂಸೆಯಿಂದ ತಪ್ಪಿಸಿಕೊಂಡು ಬದುಕಿದವರು. ಆಮೇಲೆ ಬೇರೆ ಹೆಂಗಸರನ್ನು ಉಳಿಸುವ ಕೆಲಸಕ್ಕೆ ಇಳಿದರು. ಅಸ್ಸಾಮಿನ ಬೀರುಬಾಲಾ ರಾಭಾ ಮಾಡಿದ್ದೂ ಅದನ್ನೇ. ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ಈ ಪ್ರಕರಣಗಳನ್ನು ಸ್ವಲ್ಪ ಕೆದಕಿದರೆ ಸಿಗುವುದು ಒಬ್ಬಂಟಿ ವಿಧವೆ, ಒಂದು ತುಂಡು ಜಮೀನು, ಯಾರಿಗೋ ಬಂದ ಜ್ವರ. ಇಲ್ಲಿ ಸತ್ತವರಿಗೂ ವಿಕ್ಕಾಕ್ಕೂ ಸಂಬಂಧವಿಲ್ಲ. ಅವರು ಯಾವ ಮಾಟವನ್ನೂ ನಂಬಿ ಸತ್ತವರಲ್ಲ. ನಂಬಿದವರು ಕೊಂದವರು.

ಯುರೋಪಿನ ಕತೆಯೂ ಹೀಗೆಯೇ. 15ರಿಂದ 18ನೇ ಶತಮಾನದವರೆಗೆ ಅಲ್ಲಿ ಮಾಟದ ಆರೋಪದ ಮೇಲೆ ಕೊಂದವರ ಸಂಖ್ಯೆ 40 ಸಾವಿರದಿಂದ 60 ಸಾವಿರ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅವರಲ್ಲಿ ಬಹಳಷ್ಟು ಜನ ಸಾಮಾನ್ಯ ಕ್ರೈಸ್ತ ಹೆಂಗಸರು. ಇಲ್ಲಿ ವಿಕ್ಕಾದವರೂ ಒಂದು ತಪ್ಪು ಮಾಡಿದರು. ತಮ್ಮದು ಆ ಹೆಂಗಸರು ಗುಟ್ಟಾಗಿ ಪಾಲಿಸುತ್ತಿದ್ದ ಹಳೆಯ ಧರ್ಮ, 90 ಲಕ್ಷ ಜನರನ್ನು ಸುಟ್ಟರು ಎಂದು ಹೇಳಿಕೊಂಡು ಬಂದರು. ಸಂಖ್ಯೆಯೂ ತಪ್ಪು, ವಂಶಾವಳಿಯೂ ತಪ್ಪು. ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ 1921ರಲ್ಲಿ ಮಂಡಿಸಿದ್ದ ವಾದವನ್ನು ಗಾರ್ಡ್ನರ್ ನೆಚ್ಚಿಕೊಂಡಿದ್ದ. ಅದು ಆಮೇಲೆ ಬಿದ್ದು ಹೋಯಿತು. 1999ರಲ್ಲಿ ಇತಿಹಾಸಕಾರ ರೊನಾಲ್ಡ್ ಹಟನ್ ವಿಕ್ಕಾ 20ನೇ ಶತಮಾನದ್ದು ಎಂದು ವಿವರವಾಗಿ ತೋರಿಸಿದ. ಅನೇಕ ವಿಕ್ಕಾದವರು ಅದನ್ನು ಒಪ್ಪಿಕೊಂಡರು. ತನ್ನ ಸ್ಥಳಪುರಾಣ ಹೊಸದು ಎಂದು ಒಪ್ಪುವ ಧರ್ಮ ಅಪರೂಪ, ಅಲ್ವಾ? ಅಂದ ಹಾಗೆ, ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟಗಾತಿಯರನ್ನು ಸುಟ್ಟರು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಒಬ್ಬರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೆ ಹಾಕಿದರು.

ಅದೇ ಹಳೆಯ ಅಂಗಿ

ಈಗ ಅಂಗಿಯ ಮಾತಿಗೆ ಬರುತ್ತೇನೆ. ಕತೆಯ ಅಳತೆ ಹೀಗಿರುತ್ತದೆ: ಅವರು ರಾತ್ರಿ ಸೇರುತ್ತಾರೆ. ಬಾಗಿಲು ಹಾಕಿಕೊಳ್ಳುತ್ತಾರೆ. ಮಗುವನ್ನು ಬಲಿ ಕೊಡುತ್ತಾರೆ. ರಕ್ತ ಕುಡಿಯುತ್ತಾರೆ. ಆಮೇಲೆ ದೀಪ ಆರಿಸುತ್ತಾರೆ.

ಇದನ್ನು ಮೊದಮೊದಲು ತೊಟ್ಟವರಲ್ಲಿ ಕ್ರೈಸ್ತರೂ ಒಬ್ಬರು. ರೋಮನ್ನರ ಕಣ್ಣಿಗೆ ಅವರೊಂದು ಸಣ್ಣ, ವಿಚಿತ್ರ ಪಂಥ. ಸುಮಾರು ಕ್ರಿಸ್ತಶಕ 112ರಲ್ಲಿ ಪ್ಲಿನಿ ಎಂಬ ಪ್ರಾಂತ್ಯಾಧಿಕಾರಿ ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದ. ಇವರು ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಹಾಡು ಹೇಳುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲ ಎಂದು ಆಣೆ ಇಡುತ್ತಾರೆ, ಆಮೇಲೆ ಊಟ ಮಾಡುತ್ತಾರೆ. ಊಟ ಸಾದಾ ಊಟವೇ ಎಂದು ಅವನು ಬರೆಯಬೇಕಾಯಿತು. ಯಾಕೆಂದರೆ ಅವರು ಏನು ತಿನ್ನುತ್ತಾರೆ ಎಂಬ ಬಗ್ಗೆಯೇ ಗುಸುಗುಸು ಇತ್ತು. ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟು ಕೇಳಿದರೂ ಅವನಿಗೆ ಅತಿಯಾದ ಮೂಢನಂಬಿಕೆ ಬಿಟ್ಟು ಬೇರೇನೂ ಸಿಗಲಿಲ್ಲ.

ಮುಂದೆ ಆ ಕ್ರೈಸ್ತರೇ ಬಹುಸಂಖ್ಯಾತರಾದರು. ಅಂಗಿ ಯಹೂದಿಗಳ ಮೈಮೇಲೆ ಬಂತು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗ ಸತ್ತಾಗ, ಯಹೂದಿಗಳು ಕೊಂದರು ಎಂಬ ಕತೆ ಹಬ್ಬಿತು. ಅದು ನೂರಾರು ವರ್ಷ ಯುರೋಪಿನ ಊರೂರಿನಲ್ಲಿ ಹೊಸ ಹೊಸ ಹುಡುಗರ ಹೆಸರಿನಲ್ಲಿ ಮರುಕಳಿಸಿತು. ಆಮೇಲೆ ಮಾಟಗಾತಿಯರ ಸರದಿ.

ಇದೆಲ್ಲ ಹಳೇ ಕಾಲದ್ದು ಎನ್ನುವವರಿಗೆ ಅಮೆರಿಕದ ವೆಸ್ಟ್ ಮೆಂಫಿಸ್ ಎಂಬ ಸಣ್ಣ ಊರನ್ನು ತೋರಿಸಬೇಕು. 1993ರಲ್ಲಿ ಅಲ್ಲಿ ಎಂಟು ವರ್ಷದ ಮೂವರು ಹುಡುಗರ ಕೊಲೆಯಾಯಿತು. ಅನುಮಾನ ಬಿದ್ದಿದ್ದು ಮೂವರು ಹದಿಹರೆಯದವರ ಮೇಲೆ. ಅವರಲ್ಲಿ ಡೇಮಿಯನ್ ಎಕೋಲ್ಸ್ ಎಂಬವನು ಕಪ್ಪು ಬಟ್ಟೆ ಹಾಕುತ್ತಿದ್ದ, ಹೆವಿ ಮೆಟಲ್ ಸಂಗೀತ ಕೇಳುತ್ತಿದ್ದ, ವಿಕ್ಕಾ ಬಗ್ಗೆ ಓದುತ್ತಿದ್ದ. ಸೈತಾನ ಪೂಜೆಯ ಬಲಿ ಎಂಬ ವಾದ ಕೋರ್ಟಿನಲ್ಲಿ ನಿಂತಿತು. 1994ರಲ್ಲಿ ಎಕೋಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ. ಅವರನ್ನು ಆ ಸ್ಥಳಕ್ಕೆ ಕಟ್ಟುವ ಗಟ್ಟಿ ಸಾಕ್ಷ್ಯ ಇರಲಿಲ್ಲ. ಡಿಎನ್ಎ ಪರೀಕ್ಷೆಗಳ ನಂತರ 2011ರಲ್ಲಿ ಕೋರ್ಟಿನಲ್ಲಿ ಒಂದು ಒಪ್ಪಂದವಾಗಿ ಮೂವರೂ ಹೊರಬಂದರು. ಆ ಹೊತ್ತಿಗೆ ಒಳಗೆ 18 ವರ್ಷ ಕಳೆದಿದ್ದರು.

ಇನ್ನು ನಮ್ಮೂರಿನ ಸರದಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಸಾಮಾನ್ಯವಾಗಿ ಅಲ್ಲಮಪ್ರಭುವಿನ ಊರೆಂದು ಹೋಗುತ್ತಾರೆ. ಶಿರಾಳಕೊಪ್ಪದ ಹತ್ತಿರದ ಈ ಊರು 11 ಮತ್ತು 12ನೇ ಶತಮಾನದಲ್ಲಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ಶೈವ ಗುಡಿ, ಜೈನ ಬಸದಿ, ಬೌದ್ಧ ವಿಹಾರ ಎಲ್ಲವೂ ಅಲ್ಲಿದ್ದವು. ಕೆರೆಯ ಪಕ್ಕದ ಕೇದಾರೇಶ್ವರ ಗುಡಿಗೆ ಸೇರಿದಂತೆ ಒಂದು ಮಠವಿತ್ತು. ಕೋಡಿಮಠ ಎಂದು ಹೆಸರು. ಅದನ್ನು ನಡೆಸುತ್ತಿದ್ದವರು ಕಾಳಾಮುಖರು ಎಂಬ ಶೈವ ಪಂಥದವರು.

ಕಾಳಾಮುಖ ಎಂಬ ಹೆಸರು ಕೇಳಿದರೇ ಸಾಕು, ಸ್ಮಶಾನ, ಬುರುಡೆ ಎಲ್ಲ ನೆನಪಾಗುತ್ತದೆ. ಇದಕ್ಕೆ ಕಾರಣವಿದೆ. ಶ್ರೀವೈಷ್ಣವ ಗುರುಗಳಾದ ಯಾಮುನಾಚಾರ್ಯರು, ಅವರ ನಂತರ ರಾಮಾನುಜರು ತಮ್ಮ ಗ್ರಂಥಗಳಲ್ಲಿ ಇವರ ಬಗ್ಗೆ ಬರೆದಿದ್ದಾರೆ. ಬುರುಡೆಯಲ್ಲಿ ಉಣ್ಣುತ್ತಾರೆ, ಹೆಣದ ಬೂದಿ ಬಳಿದುಕೊಳ್ಳುತ್ತಾರೆ, ಅದನ್ನು ತಿನ್ನುತ್ತಾರೆ, ಕೈಯಲ್ಲಿ ದೊಣ್ಣೆ ಹಿಡಿಯುತ್ತಾರೆ, ಹೆಂಡದ ಕೊಡ ಇಟ್ಟು ಅದರಲ್ಲಿ ದೇವರನ್ನು ಪೂಜಿಸುತ್ತಾರೆ ಎಂದು. ಅಷ್ಟು ದೊಡ್ಡವರು ಬರೆದ ಮೇಲೆ ಮುಗಿಯಿತಲ್ಲ. ನೂರಾರು ವರ್ಷ ವಿದ್ವಾಂಸರೂ ಅದನ್ನೇ ನಂಬಿದರು.

ಆದರೆ ಕಾಳಾಮುಖರು ತಮ್ಮ ಬಗ್ಗೆ ತಾವೇ ಒಂದು ಸಾಕ್ಷಿ ಬಿಟ್ಟು ಹೋಗಿದ್ದರು, ಅದೂ ಕಲ್ಲಿನ ಮೇಲೆ. ಕೋಡಿಮಠದ 1162ರ ಶಾಸನ ಓದಿದರೆ ಬೇರೆಯೇ ಲೋಕ ಕಾಣುತ್ತದೆ. ನಾಲ್ಕು ವೇದ, ಅವುಗಳ ಅಂಗಗಳನ್ನು ಓದಿಸುವ ಜಾಗ ಇದು ಎನ್ನುತ್ತದೆ. ಪಾಣಿನಿಯ ವ್ಯಾಕರಣ, ಶಾಕಟಾಯನನ ವ್ಯಾಕರಣ. ಶಾಕಟಾಯನ ಜೈನ, ಗಮನಿಸಿ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಜೊತೆಗೆ ಬೌದ್ಧ ದರ್ಶನ. ಪುರಾಣ, ಕಾವ್ಯ, ನಾಟಕ. ಆಮೇಲೆ ಊಟದ ಪಟ್ಟಿ ಬರುತ್ತದೆ, ನನಗೆ ತುಂಬ ಇಷ್ಟವಾದ ಭಾಗ ಅದು. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ಕೊಳಲು ಊದುವವರು, ಕುಣಿಯುವವರು, ಜೈನ ಕ್ಷಪಣಕರು, ಒಂದು ದಂಡ ಹಿಡಿದ ಸನ್ಯಾಸಿಗಳು, ಮೂರು ದಂಡ ಹಿಡಿದವರು, ನಾನಾ ದೇಶದ ಭಿಕ್ಷುಕರು ಎಲ್ಲರಿಗೂ ಇಲ್ಲಿ ತಡೆಯಿಲ್ಲದೆ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧ. ಎಲ್ಲ ಜೀವಿಗಳಿಗೂ ಅಭಯ.

ತ್ರಿದಂಡ ಹಿಡಿಯುವವರು ಯಾರು ಗೊತ್ತಲ್ಲ? ಶ್ರೀವೈಷ್ಣವ ಸನ್ಯಾಸಿಗಳ ಗುರುತೇ ತ್ರಿದಂಡ. ರಾಮಾನುಜರು ಹಿಡಿದಿದ್ದೂ ಅದನ್ನೇ. ಬುರುಡೆಯಲ್ಲಿ ಉಣ್ಣುವವರು ಎಂದು ಬರೆದವರ ಕಡೆಯ ಸನ್ಯಾಸಿ ದಾರಿ ತಪ್ಪಿ ಬಳ್ಳಿಗಾವಿಗೆ ಬಂದಿದ್ದರೆ, ಶಾಸನದ ಲೆಕ್ಕದಲ್ಲಿ ಅವರಿಗೂ ಅಲ್ಲಿ ಎಲೆ ಹಾಕುತ್ತಿದ್ದರು.

ಶಾಸನವನ್ನು ಪೂರಾ ನಂಬಬೇಕು ಎನ್ನುತ್ತಿಲ್ಲ. ಶಾಸನ ಬರೆಸುವವರು ತಮ್ಮನ್ನು ತಾವು ಹೊಗಳಿಕೊಳ್ಳುತ್ತಾರೆ. ಇವತ್ತಿನ ಸಂಸ್ಥೆಗಳ ವಾರ್ಷಿಕ ವರದಿಯ ಹಾಗೆ. ಆದರೆ ಎರಡು ಸಾಕ್ಷಿಗಳಲ್ಲಿ ಒಂದು ಎದುರಾಳಿಯ ವಾದದ್ದು, ಇನ್ನೊಂದು ಆ ಜಾಗದ್ದೇ. 1972ರಲ್ಲಿ ಡೇವಿಡ್ ಲೊರೆನ್ಜೆನ್ ಎಂಬ ಇತಿಹಾಸಕಾರ ಕರ್ನಾಟಕದ ಇಂಥ ಶಾಸನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ. ಕಾಪಾಲಿಕರೆಂಬ ಬೇರೊಂದು ಪಂಥದ ಆಚಾರಗಳನ್ನು ಕಾಳಾಮುಖರ ತಲೆಗೆ ಕಟ್ಟಿದ್ದಾರೆ ಎಂಬುದು ಅವನ ತೀರ್ಮಾನ. ಅಂಗಿ ಯಾರಿಗೋ ಹೊಲಿದದ್ದು, ತೊಡಿಸಿದ್ದು ಇನ್ಯಾರಿಗೋ. ಕಾಳಾಮುಖರು ನಿಧಾನವಾಗಿ ಕಾಣೆಯಾದರು. ಜನರ ನೆನಪಿನಲ್ಲಿ ಉಳಿದಿದ್ದು ಎದುರಾಳಿಯ ಮಾತು. ಕಲ್ಲು ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು.

ಸಾಗರದ ಹತ್ತಿರ ಇಕ್ಕೇರಿಯಲ್ಲಿ ಕೆಳದಿ ನಾಯಕರು ಕಟ್ಟಿಸಿದ ಅಘೋರೇಶ್ವರ ಗುಡಿ ಇದೆ. ಪ್ರವಾಸಕ್ಕೆ ಬಂದವರು ಅಘೋರಿಗಳ ಗುಡಿಯಾ ಎಂದು ಕೇಳುತ್ತಾರೆ. ಅಘೋರ ಎಂದರೆ ಘೋರವಲ್ಲದ್ದು. ಶಿವನ ಐದು ಮುಖಗಳಲ್ಲಿ ಒಂದು. ಹೆದರಬೇಡ ಎನ್ನುವ ಹೆಸರಿಗೇ ಹೆದರುವ ಹಾಗಾಗಿದೆ.

ಕಾಯಿಲೆ ಬಂದಾಗ

ಈ ಅಂಗಿ ಕಪಾಟಿನಿಂದ ಹೊರಗೆ ಬರುವುದು ಹೆಚ್ಚಾಗಿ ಕಾರಣ ಗೊತ್ತಿಲ್ಲದ ಕಷ್ಟ ಬಂದಾಗ. ಟೈಬರ್ ನದಿ ಉಕ್ಕಿದರೂ, ನೈಲ್ ಉಕ್ಕದಿದ್ದರೂ, ಬರ ಬಂದರೂ, ಕ್ರೈಸ್ತರನ್ನು ಸಿಂಹಕ್ಕೆ ಹಾಕಿ ಎಂದು ಕೂಗುತ್ತಾರೆ ಎಂದು ಟರ್ಟುಲಿಯನ್ ಎಂಬ ಕ್ರೈಸ್ತ ಲೇಖಕ ಕ್ರಿಸ್ತಶಕ 197ರ ಸುಮಾರಿಗೆ ಗೊಣಗಿದ್ದ. ನಮ್ಮಲ್ಲೂ ಹೆಸರಿಲ್ಲದ ಜ್ವರ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಉಣುಗು ಕಚ್ಚಿ ಬರುವ ವೈರಸ್ಸು ಎಂದು ವಿಜ್ಞಾನಿಗಳು ಪತ್ತೆ ಮಾಡಿದರು. ಹೀಗೆ ಹೆಸರು ಸಿಕ್ಕರೆ ಜನ ಯಾರ ಮೇಲೂ ಗೂಬೆ ಕೂರಿಸಬೇಕಾಗುವುದಿಲ್ಲ ಎಂದು ನಾನು ತಿಳಿದಿದ್ದೆ. 2020ರಲ್ಲಿ ಆ ತಿಳಿವಳಿಕೆ ಸುಳ್ಳಾಯಿತು. ಕೊರೊನಾ ವೈರಸ್ಸಿಗೆ ಹೆಸರಿತ್ತು, ಹರಡುವ ದಾರಿ ಗೊತ್ತಿತ್ತು. ಆದರೂ ದೆಹಲಿಯ ತಬ್ಲೀಗಿ ಸಭೆಯ ಸುದ್ದಿ ಬಂದ ಮೇಲೆ ಮುಸ್ಲಿಮರು ಬೇಕೆಂದೇ ಹರಡುತ್ತಿದ್ದಾರೆ ಎನ್ನುವ ವಿಡಿಯೊಗಳು ಎಲ್ಲರ ಫೋನಿಗೂ ಬಂದವು. ಹಣ್ಣಿನ ಗಾಡಿಯವನ ಹೆಸರು ಕೇಳಿ ಕೊಳ್ಳುವ ಜನರನ್ನು ದೇಶವೇ ನೋಡಿತು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಸಭೆಗೆ ಬಂದಿದ್ದ 29 ವಿದೇಶಿಯರ ಮೇಲಿನ ಕೇಸು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದ ಮಾತು ಹೇಳಿತು. ತೀರ್ಪು ಯಾರ ಫೋನಿಗೂ ಫಾರ್ವರ್ಡ್ ಆಗಿ ಬಂದಿದ್ದು ನನಗೆ ನೆನಪಿಲ್ಲ.

ಇನ್ನೊಂದು ವಿಷಯ ಗಮನಿಸಿದ್ದೀರಾ? ಮಾಟ ಯಾವಾಗಲೂ ಬೇರೆ ಊರಿನದು. ಮಲೆನಾಡಿನವರಿಗೆ ದೊಡ್ಡ ಮಾಂತ್ರಿಕರು ಇರುವುದು ಕೇರಳದಲ್ಲಿ, ಇಲ್ಲವೇ ಕೊಳ್ಳೇಗಾಲದಲ್ಲಿ. ಬಸ್ ಸ್ಟ್ಯಾಂಡಿನ ವಶೀಕರಣದ ಪೋಸ್ಟರುಗಳಲ್ಲೂ ಆ ಊರುಗಳ ಹೆಸರೇ. ರೇಷ್ಮೆ ನೇಯ್ದು ಬದುಕುವ ಒಂದು ಊರಿಗೆ ಪಾಪ ಇಂಥ ಹೆಸರು. ಈಗ ಅದೇ ಪೋಸ್ಟರು ಇನ್‌ಸ್ಟಾಗ್ರಾಮಿಗೆ ಹೋಗಿದೆ. ವಿಚ್ ಎಂದು ಹೆಸರಿಟ್ಟುಕೊಂಡು, ಬಿಟ್ಟು ಹೋದ ಗೆಳೆಯನನ್ನು ವಾಪಸ್ ತರಿಸುತ್ತೇವೆ ಎಂದು ದುಡ್ಡು ಕೀಳುವವರಿದ್ದಾರೆ. ಅವರನ್ನು ಮೋಸಗಾರರು ಎನ್ನಲು ನನಗೆ ಸಂಕೋಚವಿಲ್ಲ.

ಎಲ್ಲ ನಮ್ಮದೇ ಎನ್ನುವ ಪ್ರೀತಿ

ಗೃಹಪ್ರವೇಶದ ದಿನ ಒಬ್ಬ ಹಿರಿಯರು ಆ ಹುಡುಗಿಯ ಪರ ನಿಂತರು. 'ಹೆದರೋದು ಯಾಕೆ? ಪಂಚಭೂತ, ದೇವಿ ಪೂಜೆ, ಹುಣ್ಣಿಮೆ. ಎಲ್ಲಾ ನಮ್ಮದೇ. ಅವರು ನಮ್ಮಿಂದ ಕದ್ದಿದ್ದಾರೆ' ಅಂದರು. ಒಳ್ಳೆ ಮನಸ್ಸಿನಿಂದ ಹೇಳಿದ್ದು. ಆದರೂ ಇದು ಇನ್ನೊಂದು ಬಗೆಯ ತಪ್ಪು ಕಲ್ಪನೆ, ಮೊದಲನೆಯದಕ್ಕಿಂತ ಸ್ವಲ್ಪ ಮೆತ್ತಗಿನದು. ಜೈನ, ಬೌದ್ಧರೆಲ್ಲ ನಮ್ಮದೇ ಕವಲು ಎನ್ನುವ ಮಾತನ್ನು ಅವರು ಎಷ್ಟು ಸಲ ಕೇಳಿ ಸುಮ್ಮನಾಗಿರಬೇಕು.

ಹೋಲಿಕೆ ಇಲ್ಲವೆಂದಲ್ಲ. ಭೂಮಿ ಹುಣ್ಣಿಮೆ ನೆನಪು ಮಾಡಿಕೊಳ್ಳಿ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ಬಸುರಿಯ ಹಾಗೆ ನಿಂತಿರುತ್ತದೆ. ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬುತ್ತಾರೆ. ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಪಂಜು ಹಿಡಿದು ಗದ್ದೆಗೆ ಹೋಗಿ, ಕೂಗು ಹಾಕುತ್ತಾ ಚರಗ ಬೀರುತ್ತಾರೆ. ಇದನ್ನು ಗೊತ್ತಿಲ್ಲದವರಿಗೆ ಹೀಗೆ ವರ್ಣಿಸಿ ನೋಡಿ: ಕತ್ತಲಲ್ಲಿ ಸೇರುತ್ತಾರೆ, ಬೆಂಕಿ ಹಿಡಿಯುತ್ತಾರೆ, ಏನೋ ಕೂಗುತ್ತಾರೆ, ಮಣ್ಣಿಗೆ ಅನ್ನ ಹಾಕುತ್ತಾರೆ. ಅರ್ಧ ಅಂಗಿ ತೊಡಿಸಿದ ಹಾಗಾಯಿತು.

ಆದರೆ ಆ ಹಬ್ಬ ದೀವರ, ಒಕ್ಕಲಿಗರ, ಇಲ್ಲಿನ ಗದ್ದೆಯ ಹಬ್ಬ. ಅದಕ್ಕೆ ನೂರಾರು ತಲೆಮಾರಿನ ಬೆವರಿದೆ. ಇಂಗ್ಲೆಂಡಿನ ವಿಕ್ಕಾದವರು ಸುಗ್ಗಿ ಆಚರಿಸುವುದು ಹೆಚ್ಚಾಗಿ ಹೊಲವಿಲ್ಲದೆ, ಪಟ್ಟಣದ ಮನೆಯ ಹಿತ್ತಲಿನಲ್ಲಿ. ಕಳೆದುಹೋದದ್ದನ್ನು ಹುಡುಕುವ ಆಸೆ ಅದರಲ್ಲಿದೆ. ಎರಡನ್ನೂ ಒಂದೇ ಎಂದರೆ ಎರಡಕ್ಕೂ ಅನ್ಯಾಯ. ಅವರು ನಮ್ಮವರಾದ್ದರಿಂದ ಬಿಟ್ಟುಬಿಡೋಣ ಎಂದರೆ, ನಮ್ಮವರಲ್ಲದಿದ್ದರೆ ಏನು ಮಾಡುತ್ತಿದ್ದೆವು?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಅದು ಹುಟ್ಟಿದ್ದು ಆಗುಂಬೆ ಘಾಟಿ ಇಳಿದರೆ ಸಿಗುವ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. 1954ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಧರ್ಮ ಎಂದರೇನು ಎಂದು ಯೋಚಿಸಿತು. ಧರ್ಮಕ್ಕೆ ದೇವರು ಇರಲೇಬೇಕೆಂದಿಲ್ಲ, ಬೌದ್ಧ ಮತ್ತು ಜೈನ ಧರ್ಮಗಳೇ ಉದಾಹರಣೆ ಎಂದಿತು. ಅಮೆರಿಕದಲ್ಲಿ 1986ರಲ್ಲಿ ಒಂದು ಮೇಲ್ಮನವಿ ಕೋರ್ಟು ವಿಕ್ಕಾ ಕೂಡ ಧರ್ಮವೇ ಎಂದು ಹೇಳಿತು. ಅಷ್ಟಾದರೂ, 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಪ್ಯಾಟ್ರಿಕ್ ಸ್ಟೀವರ್ಟ್ ಎಂಬ ಸೈನಿಕನ ಸ್ಮಾರಕದ ಮೇಲೆ ಆ ನಕ್ಷತ್ರ ಕೆತ್ತಿಸಲು ಅವನ ಹೆಂಡತಿ ಸರ್ಕಾರದ ಜೊತೆ ಗುದ್ದಾಡಬೇಕಾಯಿತು. ಎಲ್ಲ ಸೈನಿಕರ ಸಮಾಧಿಗೂ ಆ ಗುರುತಿಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ.

ನಮ್ಮ ರಾಜ್ಯದ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದು, 2020ರ ಜನವರಿಯಲ್ಲಿ ಜಾರಿಗೆ ಬಂತು. ನಕ್ಷತ್ರದ ಪದಕಕ್ಕೂ ಕೇಸು ಹಾಕಬಹುದು ಎಂದು ಆ ದಿನ ಯಾರೋ ಹೇಳಿದರು. ಆಗುವುದಿಲ್ಲ. ಆ ಕಾಯ್ದೆ ಕೇಳುವುದು ಏನು ಮಾಡಿದಿರಿ ಎಂದು. ದೆವ್ವ ಬಿಡಿಸುತ್ತೇನೆಂದು ಹೊಡೆದಿರಾ, ಹೆಂಗಸನ್ನು ಬೆತ್ತಲೆ ಮೆರವಣಿಗೆ ಮಾಡಿದಿರಾ, ಮಗುವಿಗೆ ನೋವು ಮಾಡಿದಿರಾ. ಏನು ನಂಬುತ್ತೀರಿ ಎಂದು ಕೇಳುವುದಿಲ್ಲ. ಜ್ಯೋತಿಷ, ವಾಸ್ತುಗಳನ್ನು ಅದು ಮುಟ್ಟಿಲ್ಲ. ಅದು ಸರಿಯಾ ಎಂಬ ಬಗ್ಗೆ ನನಗೆ ತಕರಾರಿದೆ, ಇಲ್ಲಿ ಬೇಡ.

2021ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಸುಮಾರು 13 ಸಾವಿರ ಜನ ತಮ್ಮ ಧರ್ಮ ವಿಕ್ಕಾ ಎಂದು ಬರೆದರು. ಹೆಚ್ಚೂಕಡಿಮೆ ತೀರ್ಥಹಳ್ಳಿ ಪಟ್ಟಣದಷ್ಟು ಜನ. ನಮ್ಮ 2011ರ ಗಣತಿಯಲ್ಲಿ ಆರು ದೊಡ್ಡ ಧರ್ಮಗಳ ಹೊರಗೆ ತಮ್ಮನ್ನು ಬರೆಸಿಕೊಂಡವರು ಸುಮಾರು 79 ಲಕ್ಷ. ಅವರಲ್ಲಿ ದೊಡ್ಡ ಪಾಲು ಸರ್ನಾ ಎಂಬ ಧರ್ಮ ಪಾಲಿಸುವ ಆದಿವಾಸಿಗಳದು. ಮುಂದಿನ ಗಣತಿ 2027ಕ್ಕೆ ಎಂದು ಗೊತ್ತಾಗಿದೆ.

ಮೊನ್ನೆ ಆ ಹುಡುಗಿ ಫೋನಿಗೆ ಸಿಕ್ಕಾಗ, ಗಣತಿಯವರು ಬಂದರೆ ಏನು ಬರೆಸುತ್ತೀಯ ಎಂದು ಕೇಳಿದೆ. ನಕ್ಕಳು. 'ಊರಲ್ಲಿದ್ದರೆ ನನ್ನನ್ನೆಲ್ಲಿ ಕೇಳ್ತಾರೆ? ಅಮ್ಮ ಎಲ್ಲರದ್ದೂ ಒಟ್ಟಿಗೆ ಹಿಂದೂ ಅಂತ ಬರೆಸಿ, ಕಾಫಿ ಕೊಟ್ಟು ಕಳಿಸ್ತಾಳೆ' ಅಂದಳು. ದೊಡ್ಡಮ್ಮ ಈಗಲೂ ಆ ಪದಕದ ಮಾತೆತ್ತುತ್ತಾರಂತೆ. ಹೋದ ತಿಂಗಳು ಕೇಳಿದ್ದು, ಆ ಎಂಟು ಹಬ್ಬಕ್ಕೆ ಏನೇನು ಅಡುಗೆ ಮಾಡ್ತೀರಿ ಅಂತ.